ಲೈನಿನ ಮೇಲೆ ಹಸಿ ಕೌದಿ

ನಮ್ಮ ಊರಿನಲ್ಲಿ ಲೈನ್ ಒಂದೇ. ಹೊರಗಿನಿಂದ ಬಂದವರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ಅವರ ಊರುಗಳಲ್ಲಿ ರೇಶನ್ ಅಂಗಡಿಯ ಮುಂದೆ ಜನ ನಿಲ್ಲುವುದೂ ಲೈನ್, ಕರೆಂಟ್ ಬರುವುದೂ ಲೈನ್, ಫೋನಿನ ಮಾತು ಹೋಗುವುದೂ ಲೈನ್, ಬಟ್ಟೆ ಒಣಹಾಕುವುದೂ ಲೈನ್. ಹೆಸರು ಒಂದೇ ಇಟ್ಟುಕೊಂಡು ವಸ್ತು ಮಾತ್ರ ಬೇರೆಬೇರೆ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಆ ದುಂದುಗಾರಿಕೆ ಇಲ್ಲ. ಯಾವುದೋ ಕಾಲದಲ್ಲಿ ಹ್ಯಾಟು ಹಾಕಿದ ಮಂದಿ ಬಂದು, ಊರಿನಲ್ಲಿ ಸ್ವಲ್ಪ ದಿನ ಇದ್ದು, ಕಂಡದ್ದಕ್ಕೆಲ್ಲ ಬೆರಳು ತೋರಿಸಿ ಲೈನ್ ಲೈನ್ ಎಂದು ಹೇಳಿ ಹೋದರಂತೆ. ಮಾತು ಒಂದಾದರೆ ವಸ್ತುವೂ ಒಂದೇ ಇರಬೇಕು ಎಂದುಕೊಂಡು ನಮ್ಮ ಹಿರಿಯರು ಒಂದೇ ಹಗ್ಗ ಹೊಸೆದರು. ಅದು ಇವತ್ತಿಗೂ ನಡೆದುಕೊಂಡು ಬಂದಿದೆ.

ಹಳೆಯ ಪಂಪ್‌ಹೌಸಿನಿಂದ ಹೊರಡುವ ಲೈನು ಪ್ರತಿ ಮನೆಯ ಹಿತ್ತಿಲನ್ನು ಹಾಯುತ್ತದೆ. ಅಲ್ಲಿ ಬಟ್ಟೆ ಒಣಹಾಕುತ್ತೇವೆ. ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದು, ಬಲ್ಬು ಹೊತ್ತಿಸಿ, ಮತ್ತೆ ಹೊರಗೆ ಹೋಗುತ್ತದೆ. ರೇಶನ್ ಅಂಗಡಿಯ ಮುಂದೆ ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ಜನ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಲೈನು ಹಿಡಿದು ನಿಲ್ಲುತ್ತಾರೆ. ಯಾರ ಜೊತೆಗಾದರೂ ಮಾತಾಡಬೇಕಾದರೆ ಹಿತ್ತಾಳೆ ಲೋಟದ ತಳವನ್ನು ಲೈನಿಗೆ ತಾಗಿಸಿ, ಲೋಟದೊಳಗೆ ಅವರ ಹೆಸರು ಕೂಗಿದರೆ ಸಾಕು. ನನ್ನ ಹಿಟ್ಟಿನ ಗಿರಣಿಯ ಬೆಲ್ಟು ತಿರುಗುವುದೂ ಅದರಿಂದಲೇ. ಗಿರಣಿ ದಾಟಿ, ಹಳ್ಳ ದಾಟಿ, ಕೊನೆಯ ಕಂಬಕ್ಕೆ ಹೋಗಿ ಲೈನು ಮುಗಿಯುತ್ತದೆ. ಮುಗಿಯುತ್ತಿತ್ತು ಎನ್ನಬೇಕು.

ಒಂದೇ ಹಗ್ಗವಾದ್ದರಿಂದ ಒಂದು ಕಡೆ ಭಾರ ಬಿದ್ದರೆ ಇನ್ನೊಂದು ಕಡೆ ಜಗ್ಗುತ್ತದೆ. ರೇಶನ್ ಅಂಗಡಿಯಲ್ಲಿ ನೂಕಾಟವಾದರೆ ಲೋಟದೊಳಗಿನ ಮಾತು ತುಂಡುತುಂಡಾಗುತ್ತದೆ. ಮಕ್ಕಳ ಪರೀಕ್ಷೆಯ ದಿನಗಳಲ್ಲಿ ದೀಪ ಮಂಕಾಗಬಾರದೆಂದು ಯಾರೂ ಬಟ್ಟೆ ಒಗೆಯುವುದಿಲ್ಲ. ಫಲಿತಾಂಶ ಬರುವ ಹೊತ್ತಿಗೆ ಊರೆಲ್ಲ ಬೆವರು ನಾರುತ್ತಿರುತ್ತದೆ. ಇನ್ನು ಹುಡುಗರು ಲೈನ್ ಹೊಡೆಯುವುದಂತೂ ಕೇಳಲೇಬೇಡಿ. ಹುಡುಗಿಯ ಕಿಟಕಿಯ ಕೆಳಗೆ ನಿಂತು ಬೆರಳಿನಿಂದ ಲೈನನ್ನು ಟಪ್ ಟಪ್ ಎಂದು ತಟ್ಟಿದರೆ ಓಣಿಯ ಬಲ್ಬುಗಳೆಲ್ಲ ಕಣ್ಣು ಮಿಟುಕಿಸುತ್ತವೆ. ಮುದುಕಿಯರು "ಇವತ್ತ ಯಾರ ಪಾಳಿವ್ವಾ?" ಎಂದು ನಗುತ್ತಾರೆ. ಹಾಗಾಗಿ ನಮ್ಮಲ್ಲಿ ಪ್ರೀತಿ ಗುಟ್ಟಾಗಿ ಉಳಿಯುವುದಿಲ್ಲ, ಬೇಗ ಮದುವೆಯಾಗಿಬಿಡುತ್ತದೆ.

ನನ್ನ ಹೆಸರು ಕಾಶವ್ವ. ಊರು ಕರೆಯುವುದು ಗಿರಣಿ ಕಾಶವ್ವ ಎಂದು. ಬೆನ್ನ ಹಿಂದೆ ಏನೆಂದು ಕರೆಯುತ್ತದೆ ಎಂಬುದೂ ನನಗೆ ಗೊತ್ತು. ಗಂಡ ಸತ್ತ ಮೇಲೆ ಗಿರಣಿ ನನ್ನ ಕೈಗೆ ಬಂತು, ಅದರ ಸದ್ದಿಗಿಂತ ಜೋರಾಗಿ ಮಾತಾಡುವ ಚಾಳಿಯೂ ಬಂತು. ಪಕ್ಕದ ಮನೆಯ ದುಂಡವ್ವ ಹಸಿ ಕೌದಿಯನ್ನು ಹಿತ್ತಿಲಲ್ಲಿ ಹಾಕಿದಳೆಂದರೆ ಮುಗಿಯಿತು. ಹತ್ತು ಸೀರೆಯ ಚಿಂದಿ ಸೇರಿಸಿ ಹೊಲಿದ ಕೌದಿ ಅದು, ನೀರು ಕುಡಿದರೆ ಎಮ್ಮೆಯಷ್ಟು ಭಾರ. ನನ್ನ ಕಲ್ಲು ಅರ್ಧ ಜೋಳ ಬಾಯಲ್ಲಿಟ್ಟುಕೊಂಡು ನರಳಿ ನಿಂತುಬಿಡುತ್ತಿತ್ತು. ನಾನು ಲೋಟ ಎತ್ತಿಕೊಂಡು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ: "ಯಾವಾಕಿ ಅಕಿ ಹಸಿ ಕೌದಿ ಹಾಕಿದಾಕಿ? ನನ್ನ ಕಲ್ಲ ನಿಂತೈತಿ! ತಗದ್ರ ಪಾಡಾತು, ಇಲ್ಲಂದ್ರ ನಾನ ಬರ್ತೀನಿ!" ಒಂದು ಗಳಿಗೆಯಲ್ಲಿ ಕಲ್ಲು ತಿರುಗತೊಡಗುತ್ತಿತ್ತು. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎನ್ನುತ್ತಾರಲ್ಲ, ಹಾಗೆ ಬದುಕಿದವಳು ನಾನು.

ಲೈನು ಅಗಸೆಯ ನಾರಿನದು. ನಮ್ಮ ಎರೆಹೊಲದ ಅಂಚಿಗೆಲ್ಲ ಅಗಸೆ ಬಿತ್ತುತ್ತೇವೆ. ಬೀಜ ಹುರಿದು ಚಟ್ನಿಪುಡಿ ಮಾಡುತ್ತೇವೆ. ಗಿಡವನ್ನು ನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು, ತೊಡೆಯ ಮೇಲೆ ಹೊಸೆಯುತ್ತೇವೆ. ಊರಿನಲ್ಲಿ ಕೂಸು ಹುಟ್ಟಿದರೆ ತೊಟ್ಟಿಲಿಗೆ ಹಾಕುವ ದಿನ ಅದರ ತಾಯಿ ಒಂದು ಎಳೆ ಹೊಸೆದು ಕೊಡುತ್ತಾಳೆ. ಅದನ್ನು ಕೊನೆಯ ಕಂಬದ ಹತ್ತಿರ ಲೈನಿನ ತುದಿಗೆ ಗಂಟು ಹಾಕುತ್ತಾರೆ, ಕಂಬ ಅಷ್ಟು ಮುಂದಕ್ಕೆ ಸರಿಯುತ್ತದೆ. ಊರಿನ ಪ್ರತಿಯೊಬ್ಬರ ಗಂಟೂ ಲೈನಿನಲ್ಲಿದೆ. ಗಂಟು ಇದ್ದವರೇ ಊರಿನವರು. ಗಂಟು ಇಲ್ಲದವರ ಮಾತು ಲೈನಿನಲ್ಲಿ ಹೋಗುವುದಿಲ್ಲ ಎನ್ನುತ್ತಾರೆ. ಹೋಗುತ್ತದೋ ಇಲ್ಲವೋ ಎಂದು ಯಾರೂ ಹಚ್ಚಿ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ನಮ್ಮ ಸಾಲೆಯ ಕಟಗೇರಿ ಮಾಸ್ತರರು ಒಮ್ಮೆ ದಪ್ಪ ಇಂಗ್ಲಿಷ್ ಡಿಕ್ಷನರಿ ಹಿಡಿದುಕೊಂಡು ಗಿರಣಿಗೆ ಬಂದಿದ್ದರು. ಜೋಳ ಬೀಸುವ ತನಕ ಸುಮ್ಮನೆ ಕೂರುವ ಸ್ವಭಾವ ಅವರದಲ್ಲ. "ಕಾಶವ್ವಾ, ಈ ಲೈನ್ ಅನ್ನೂ ಮಾತು ಹುಟ್ಟಿದ್ದ ಎಲ್ಲಿಂದ ಗೊತ್ತೇನು? ಅಗಸಿ ಗಿಡದಿಂದ! ಹಿಂದಕ ಪಶ್ಚಿಮದ ಮಂದಿ ತಮ್ಮ ಭಾಷಾದಾಗ ಅಗಸಿಗೆ ಇಟ್ಟ ಹೆಸರಿಂದ ಇದು ಬಂದದ್ದು" ಎಂದರು. ಅಲ್ಲಿ ಕೂತಿದ್ದ ಹೆಂಗಸರೆಲ್ಲ ನಕ್ಕೆವು. "ಅದನ್ನ ತಿಳಕೊಳ್ಳಾಕ ಅಷ್ಟ ದಪ್ಪ ಪುಸ್ತಕ ಬೇಕಾತೇನ್ರಿ ಮಾಸ್ತರ? ಹೊಸೆದ ಹೊಸೆದ ನಮ್ಮ ತೊಡಿ ಹೇಳ್ತಾವ" ಎಂದಳು ದುಂಡವ್ವ. ಮಾಸ್ತರರೂ ನಕ್ಕರು. ಒಳ್ಳೆಯ ಮನುಷ್ಯ. ಆ ಪುಸ್ತಕ ಮುಂದೆ ನನ್ನ ಮನೆಯ ಮಾತಿನೊಳಗೆ ಕಾಲಿಡುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

ನನ್ನ ಮಗಳು ತುಳಜಾ ಸಿಕ್ಕಿದ್ದು ಅದಕ್ಕಿಂತ ಮೊದಲು. ಒಂದು ಸಂಜೆ ರೇಶನ್ ಅಂಗಡಿಯ ಬಾಗಿಲು ಹಾಕಿ ಜನರೆಲ್ಲ ಹೋದ ಮೇಲೂ ಲೈನಿನ ಕೊನೆಗೆ ಒಂದು ಕೂಸು ನಿಂತಿತ್ತು. ಇನ್ನೂ ಹಾಲುಹಲ್ಲಿನ ಹುಡುಗಿ. ದೊಡ್ಡವರ ಸೊಂಟದ ಮಟ್ಟದ ಲೈನು ಅವಳಿಗೆ ತಲೆಯ ಮೇಲಾಗಿತ್ತು, ಎರಡೂ ಕೈ ಎತ್ತಿ ಹಿಡಿದುಕೊಂಡಿದ್ದಳು. ಯಾರ ಜೊತೆ ಬಂದಳೋ, ಅವರು ಯಾವ ಕಡೆ ಹೋದರೋ, ನೋಡಿದವರಿಲ್ಲ.

"ಯಾರ ಮಗಳವ್ವಾ ನೀ?" ಎಂದು ಕೇಳಿದೆ.

"ಅವ್ವ ಲೈನ್ ಬಿಡಬ್ಯಾಡ ಅಂದಾಳ" ಎಂದಿತು ಕೂಸು.

ಬೆರಳು ಬಿಡಿಸಲು ನೋಡಿದೆ. ಬಿಡಲಿಲ್ಲ. ಗದರಿಸಿದೆ, ಅದಕ್ಕೂ ಬಿಡಲಿಲ್ಲ. ನನ್ನ ಗದರಿಕೆಗೆ ಹೆದರದ ಮೊದಲ ಜೀವ ಅದು. ಕೊನೆಗೆ ನಾನೂ ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನನ್ನ ಸೆರಗಿನ ತುದಿಯನ್ನು ಅವಳ ಮುಂದೆ ಹಿಡಿದೆ. "ಲೈನ್ ಬಿಡಬ್ಯಾಡ. ಇದನ್ನ ಹಿಡಕೋ. ಇದೂ ಲೈನ" ಎಂದೆ. ಒಂದು ಕೈಯಿಂದ ಸೆರಗು ಹಿಡಿದು ನೋಡಿತು, ಜಗ್ಗಿ ನೋಡಿತು, ಆಮೇಲೆ ಇನ್ನೊಂದು ಕೈಯನ್ನೂ ತಂದಿತು. ಹಾಗೇ ಮನೆಗೆ ಬಂದೆವು. ತುಳಜಾ ಎಂಬ ಹೆಸರು ನನ್ನ ಅಜ್ಜಿಯದು, ಅದನ್ನೇ ಇಟ್ಟೆ.

ಮಗಳು ಬಂದಳು ಸರಿ, ಗಂಟು ಎಲ್ಲಿಂದ ತರುವುದು? ಗಂಟು ಇಲ್ಲದವರು ಲೈನಿನಲ್ಲಿ ಎಲ್ಲರ ಹಿಂದೆ ನಿಲ್ಲಬೇಕು. ಆಮೇಲೆ ಬಂದವರೂ ಅವರ ಮುಂದೆ ಹೋಗಿ ನಿಲ್ಲುತ್ತಾರೆ, ಯಾರಿಗೂ ಅದು ತಪ್ಪೆಂದು ಅನಿಸುವುದಿಲ್ಲ. ಹುಡುಗಿ ಬೆಳಿಗ್ಗೆ ಸಕ್ಕರೆಗೆ ಹೋದರೆ ಸಂಜೆಗೆ ಬರುತ್ತಿದ್ದಳು. ಮಾಸ್ತರರ ಪುಸ್ತಕಗಳನ್ನೆಲ್ಲ ಅಲ್ಲಿ ನಿಂತೇ ಓದಿ ಮುಗಿಸಿದಳು. ನಾನು ಸಿಟ್ಟಿನಿಂದ ಕುದಿಯುತ್ತಿದ್ದರೆ ಅವಳೇ ನಗಿಸುತ್ತಿದ್ದಳು. "ಅವ್ವಾ, ನಾ ನಿಂತಲ್ಲೆ ಲೈನ್ ಮುಗೀತೈತಿ. ನಾ ಇರದಿದ್ರ ಅದು ಎಲ್ಲಿ ಮುಗೀತಂತ ಈ ಮಂದಿಗೆ ಹೆಂಗ ಗೊತ್ತಾಕ್ಕಿತ್ತು?" ಎನ್ನುತ್ತಿದ್ದಳು. ಲೋಟವನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಗೆಳತಿಯರು ಲೈನಿನಲ್ಲಿ ಹರಟುವಾಗ ಪಕ್ಕದಲ್ಲಿ ಕೂತು ಕೇಳುವಳು, ತನ್ನ ಮಾತನ್ನು ಅವರ ಕಿವಿಯಲ್ಲಿ ಹೇಳಿ ಅವರ ಬಾಯಿಂದ ಕಳಿಸುವಳು.

ಪ್ರತಿ ಯುಗಾದಿಗೆ ಬೇವು ಬೆಲ್ಲ ತಿಂದ ಮೇಲೆ ಊರು ಪಂಪ್‌ಹೌಸಿನ ಮುಂದೆ ಸೇರುತ್ತದೆ. ನಾನು ಹೊಸೆದ ಎಳೆ ಹಿಡಿದುಕೊಂಡು ಹೋಗುತ್ತಿದ್ದೆ. ಲೈನ್‌ಮನ್ ಪರಪ್ಪ, ಗಂಟು ಹಾಕುವ ಕೈ ಅವನದು, ಅದೇ ಪ್ರಶ್ನೆ ಕೇಳುತ್ತಿದ್ದ.

"ಹಡದಾಕಿ ಹೊಸದದ್ದೇನಕ್ಕಾ?"

"ಸಾಕಿದಾಕಿ ಹೊಸದದ್ದು."

"ಮುಂದಿನ ಯುಗಾದಿಗೆ ನೋಡೂಣು."

"ಮುಂದಿನ ಯುಗಾದಿಗೆ ನಾ ಹಡದ ಬಿಡ್ತೀನೇನೋ? ನಿನ್ನ ಕಣ್ಣಿಗೆ ಏನ ಹಿಟ್ಟ ಬಿದ್ದೈತೇನು?"

"ನಿಯಮ ನಾ ಮಾಡೀನೇನಕ್ಕಾ? ನನ್ನ ಮ್ಯಾಲೆ ಯಾಕ ಹರಿಹಾಯ್ತಿ?" ಎಂದು ಅವನು ತಲೆ ತಗ್ಗಿಸುತ್ತಿದ್ದ. ನಾನು ಊರಿನ ಜನ್ಮವನ್ನೆಲ್ಲ ಜಾಲಾಡಿ ಮನೆಗೆ ಬರುತ್ತಿದ್ದೆ. ಆ ವರ್ಷದ ಎಳೆಯನ್ನು ಹಿಂದಿನ ವರ್ಷದ್ದಕ್ಕೆ ಕೂಡಿಸಿ ಸುತ್ತಿ ಇಡುತ್ತಿದ್ದೆ. ಉದ್ದ ಸಾಲದು ಎಂದು ಯಾರೂ ಕೊಂಕು ತೆಗೆಯಬಾರದು ಎಂಬ ಹಟ ಬೇರೆ. ದುಂಡವ್ವನ ಕೌದಿಯಿಂದ ಕಲ್ಲು ನಿಂತಾಗಲೆಲ್ಲ, ಬೈದು ಮುಗಿಸಿ, ಅದು ಮತ್ತೆ ತಿರುಗುವ ತನಕ ತೊಡೆಯ ಮೇಲೆ ನಾರು ಹೊಸೆಯುತ್ತಿದ್ದೆ. ನನ್ನ ಕೈಯೆಲ್ಲ ಹಿಟ್ಟಾದ್ದರಿಂದ ನಾನು ಹೊಸೆದ ಎಳೆಯೊಳಗೆ ಹಿಟ್ಟು ಸೇರಿ ಅದು ಊರಿನ ಬೇರೆ ಎಳೆಗಳಿಗಿಂತ ಬೆಳ್ಳಗೆ ಇರುತ್ತಿತ್ತು. ಮೂಲೆಯಲ್ಲಿ ಆ ಉಂಡೆ ಬೆಳೆದು ಬೆಳೆದು ನೀರಿನ ಕೊಡದಷ್ಟಾಯಿತು. ತುಳಜಾಳೂ ಬೆಳೆದು ನನ್ನ ಭುಜ ದಾಟಿದಳು.

ಒಂದು ಯುಗಾದಿಯ ದಿನ ಮಾಸ್ತರರು ಡಿಕ್ಷನರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಸಭೆಗೆ ಬಂದಿದ್ದರು. ಪರಪ್ಪ ತನ್ನ ಪ್ರಶ್ನೆ ಕೇಳುವ ಮೊದಲೇ ಎದ್ದು ನಿಂತರು. "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಮಾತಿಗೆ ಅರ್ಥ ಭಾಳ ಅದಾವ. ಆದ್ರ ಎಲ್ಲಾವೂ ಒಮ್ಮೆಲೆ ಹುಟ್ಟಿದ್ದಲ್ಲ. ಮೊದಲ ಬರೇ ಅಗಸಿ ನಾರು ಇತ್ತು. ಆಮ್ಯಾಲೆ ಅದರ ದಾರ, ಹಗ್ಗ. ದಾರ ಹಿಡಿದ ಗೆರಿ ಎಳದ್ರು, ಗೆರಿಗೂ ಅದ ಹೆಸರು. ಗೆರಿ ಮ್ಯಾಲೆ ಮಂದಿ ನಿಂತ್ರು, ಸಾಲಿಗೂ ಅದ ಹೆಸರು. ವಂಶ, ಹಡದವರು, ಹುಟ್ಟಿದವರು, ಇದೆಲ್ಲಾ ಆಮ್ಯಾಲ ಬಂದ ಅಂಟಿಕೊಂಡದ್ದು. ಮೂಲದಾಗ ಇಲ್ಲ. ಮೂಲದಾಗ ಇರೂದು ಒಂದ: ಯಾರೋ ಕೂತು ಹೊಸದದ್ದು. ಕಾಶವ್ವ ಹೊಸದಾಳ. ಮತ್ತೇನು ಬೇಕು ನಿಮಗ?"

ಪರಪ್ಪ ಪುಸ್ತಕವನ್ನು ಮುಟ್ಟಿ ನೋಡಿದ. "ಇದರಾಗ ಹಂಗ ಬರದೈತಿ ಅಂದ ಮ್ಯಾಲೆ ನಾವ್ಯಾಕ ಬ್ಯಾಡ ಅನ್ನೂಣು?" ಎಂದ. ಹೂಂ, ಹೂಂ ಎಂದು ಎಲ್ಲ ಕಡೆಯಿಂದ ಕೇಳಿಬಂತು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಓಡಿದೆ.

ತುಳಜಾ ಗಿರಣಿಯ ಕಟ್ಟೆಯ ಮೇಲೆ ಕೂತು ಜರಡಿಗೆ ಹೊಸ ತಂತಿ ಕಟ್ಟುತ್ತಿದ್ದಳು. ನಾನು ಏದುಸಿರಿನಲ್ಲೇ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ಜರಡಿ ಕೆಳಗಿಟ್ಟಳು.

"ಈಗ ಬ್ಯಾಡವ್ವಾ" ಎಂದಳು.

"ಬ್ಯಾಡ? ಬ್ಯಾಡ ಅಂದ್ರೇನ?"

"ಪುಸ್ತಕ ನೋಡಿ ಹೂಂ ಅಂದ್ರು. ಇಷ್ಟ ವರ್ಷ ಅವರ ಮುಂದ ನಿಂತೇನಿ, ನನ್ನ ಮುಖ ನೋಡಿ ಒಬ್ಬರೂ ಹೂಂ ಅನ್ನಲಿಲ್ಲ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಆದರೂ ಕೊಟ್ಟೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. "ನಿನ್ನ ಸಲುವಾಗಿ ಗಂಟಲ ಹರಕೊಂಡೇನಿ! ತೊಡಿ ಚರ್ಮ ಸುಲದೈತಿ! ಬ್ಯಾಡ ಅಂತಾಳ ಮಹಾರಾಣಿ!" ಎಂದು ಕೂಗಾಡಿದೆ. ತುಳಜಾ ಎದ್ದು ಬಂದು ನನ್ನ ಸೆರಗಿನ ತುದಿ ಹಿಡಿದುಕೊಂಡು ನಿಂತಳು. ಸಣ್ಣವಳಿದ್ದಾಗ ಹಾಗೆ ಮಾಡುತ್ತಿದ್ದಳು. ನಾನು ಸೆರಗು ಕಿತ್ತುಕೊಂಡು ಒಳಗೆ ಹೋದೆ.

ಮರುದಿನ ಯಾರದೋ ಮದುವೆಯ ಗೋದಿ ಬಂದು ಗಿರಣಿ ತುಂಬಿಹೋಗಿತ್ತು. ಕಲ್ಲಿನ ಸದ್ದಿನಲ್ಲಿ ಅವಳು ಬಾಗಿಲಲ್ಲಿ ನಿಂತು ಏನೋ ಹೇಳಿದಳು. "ಹಳ್ಳದ ಕಡೆ ಹೋಗಿ ಬರ್ತೀನವ್ವಾ" ಎಂದಿರಬೇಕು. "ಬರೂವಾಗ ಸೀಗಿಕಾಯಿ ತಗೊಂಡ ಬಾ" ಎಂದೆ. ಸಂಜೆಯಾದರೂ ಬರಲಿಲ್ಲ. ಅವಳ ಎರಡು ಸೀರೆ ಇರಲಿಲ್ಲ, ಮೂಲೆಯಲ್ಲಿದ್ದ ಉಂಡೆಯೂ ಇರಲಿಲ್ಲ. ಬೇಡ ಎಂದವಳು ಅದನ್ನು ಹಳ್ಳಕ್ಕೆ ಎಸೆದು ಹೋಗಿದ್ದಾಳೆ ಎಂದುಕೊಂಡೆ. ಹಳ್ಳದ ಕಡೆ ಹೋಗಿ ನೋಡಲಿಲ್ಲ. ನೀರಿನಲ್ಲಿ ಅದು ಬೆಳ್ಳಗೆ ತೇಲುತ್ತಿರುವುದು ಕಣ್ಣಿಗೆ ಬಿದ್ದರೆ ನಾನು ಉಳಿಯುತ್ತಿರಲಿಲ್ಲ.

ಲೋಟ ಹಚ್ಚಿ ಅವಳ ಹೆಸರು ಕೂಗಬಹುದಿತ್ತು. ಗಂಟಿಲ್ಲದವಳಿಗೆ ಅದು ಮುಟ್ಟುವುದಿಲ್ಲ ಎಂದು ಕೂಗಲಿಲ್ಲ. ಊರು ಕೆಲವು ದಿನ ಅವಳ ಮಾತಾಡಿತು. ಆಮೇಲೆ ರೇಶನ್ ಅಂಗಡಿಯಲ್ಲಿ ಕೊನೆಗೆ ಯಾರು ನಿಲ್ಲಬೇಕೆಂದು ಜಗಳ ಶುರುವಾಯಿತು, ಅದರಲ್ಲಿ ಅವಳನ್ನು ಮರೆಯಿತು. ನಾನು ಗಿರಣಿ ನಡೆಸಿದೆ. ಇನ್ನೇನು ಮಾಡಲಿ?

ಮಳೆಗಾಲ ಮುಗಿದ ಮೇಲೆ, ಬಿಸಿಲೇರುವ ಹೊತ್ತಿಗೆ, ದಿನಾಲೂ ಕಲ್ಲು ಸ್ವಲ್ಪ ನಿಧಾನವಾಗತೊಡಗಿತು. ನಿಲ್ಲುತ್ತಿರಲಿಲ್ಲ. ಕೌದಿಯ ಭಾರವಲ್ಲ ಅದು, ಒಂದು ನೂಲಿನ ಸೀರೆಯಷ್ಟು. ಸೀರೆ ಒಣಗುವಷ್ಟು ಹೊತ್ತು ಇದ್ದು, ತಾನಾಗಿ ಹಗುರಾಗುತ್ತಿತ್ತು. ಈಗ ಯೋಚಿಸಿದರೆ ಎಲ್ಲ ಸ್ಪಷ್ಟವಾಗಿದೆ. ಆಗ ನನಗೆ ಕಂಡದ್ದು ದುಂಡವ್ವ ಮಾತ್ರ. ಲೋಟ ಎತ್ತಿ ಬೈದೆ. ದುಂಡವ್ವ ಬೇಲಿಯ ಮೇಲಿಂದ ಇಣುಕಿ, "ನನ್ನ ಹಿತ್ತಲಾ ನೋಡ ಬಾರವ್ವಾ, ಒಂದು ಲಂಗೋಟಿನೂ ಇಲ್ಲ" ಎಂದಳು. ಹಾಗಾದರೆ ಮೇಲೋಣಿಯವರು ಎಂದು ಅವರಿಗೂ ಬೈದೆ. ಮರುದಿನ ಮತ್ತೆ ಅದೇ ಹೊತ್ತಿಗೆ ಅದೇ ಭಾರ. ನನ್ನ ಬೈಗುಳಕ್ಕೆ ಹೆದರದ ಈ ಗಟ್ಟಿ ಹೆಂಗಸು ಯಾರೆಂದು ನನಗೆ ರೇಗಿಹೋಯಿತು.

ಒಂದು ದಿನ ಜೋಳದಲ್ಲಿ ಹರಳು ಬಂದು ಕಲ್ಲು ಹಲ್ಲು ಕಳೆದುಕೊಂಡಿತ್ತು. ತಲೆ ಸಿಡಿಯುತ್ತಿತ್ತು. ಅಷ್ಟರಲ್ಲಿ ಕಲ್ಲು ನಿಧಾನವಾಯಿತು. ನಾನು ಲೋಟವನ್ನು ಲೈನಿಗೆ ಕುಕ್ಕಿ, ಇರುವ ಉಸಿರನ್ನೆಲ್ಲ ಹಾಕಿ ಕೂಗಿದೆ: "ತಗೀ ನಿನ್ನ ಚಿಂದೀನ! ದಿಕ್ಕಿಲ್ಲದಾಕಿ! ನಿನ್ನಂಥಾಕೀನ ಈ ಲೈನಿಗೆ ಯಾರ ಸೇರಿಸಿದ್ರು? ಬಿಡು ಲೈನ! ಬಿಡಂದ್ರ ಬಿಡು!"

ಕಲ್ಲು ಒಮ್ಮೆಲೇ ಹಗುರಾಯಿತು. ಸೀರೆ ಒಣಗುವ ತನಕ ಕಾಯದೆ, ಕೂಗು ಮುಗಿಯುವಷ್ಟರಲ್ಲೇ. ಅವತ್ತಿನಿಂದ ಮತ್ತೆ ಒಂದು ದಿನವೂ ಆ ಭಾರ ಬರಲಿಲ್ಲ. ಬೀಸಲು ಬಂದವರ ಮುಂದೆಲ್ಲ ಹೇಳಿಕೊಂಡೆ, "ಹೆಂಗ ಬಿಡಿಸಿದೆ ನೋಡ್ರಿ" ಎಂದು.

ಸಂಕ್ರಾಂತಿ ಕಳೆದ ಮೇಲೆ ದುಂಡವ್ವನ ಮಗನಿಗೆ ಗಂಡುಕೂಸು ಹುಟ್ಟಿತು. ತುಳಜಾ ಹೋದ ಮೇಲೆ ಊರಿನಲ್ಲಿ ಕಟ್ಟಿದ ಮೊದಲ ತೊಟ್ಟಿಲು ಅದು. ಎಳೆ ಹಿಡಿದುಕೊಂಡು ಹಳ್ಳ ದಾಟಿ ಕೊನೆಯ ಕಂಬಕ್ಕೆ ಹೋದೆವು, ದುಂಡವ್ವ, ಅವಳ ಮಗ, ಮಾಸ್ತರರು, ನಾನು. ಪರಪ್ಪ ಮುಂದೆ ನಡೆಯುತ್ತಿದ್ದವನು ಕಂಬದ ಹತ್ತಿರ ನಿಂತುಬಿಟ್ಟ. ಲೈನು ಅಲ್ಲಿ ಮುಗಿದಿರಲಿಲ್ಲ. ತುದಿಗೆ ಒಂದು ಅಚ್ಚುಕಟ್ಟಾದ ಗಂಟು ಬಿದ್ದಿತ್ತು. ಅಲ್ಲಿಂದ ಮುಂದೆ ಬೇರೆ ಎಳೆ ಹೊರಟು, ಜಾಲಿಗಿಡದ ಕವಲಿನ ಮೇಲೆ, ಆಮೇಲೆ ನೆಲಕ್ಕೆ ನೆಟ್ಟ ಬೇವಿನ ಟೊಂಗೆಯ ಮೇಲೆ, ಎರೆಹೊಲ ದಾಟಿ ಏರು ಹತ್ತಿ ಹೋಗಿತ್ತು.

ಯಾರ ಎಳೆ ಎಂದು ಯಾರೂ ಕೇಳಲಿಲ್ಲ. ಅದು ಬೆಳ್ಳಗಿತ್ತು. ನಾನು ಕೈಯಿಟ್ಟೆ. ಹುರಿಯೊಳಗಿನ ಹಿಟ್ಟು ಬೆರಳಿಗೆ ಹತ್ತಿತು.

ಪರಪ್ಪನಿಗೆ ಹೇಳದೆ ಕೇಳದೆ ಹಾಕಿದ ಗಂಟು ಅದು, ಬಿಚ್ಚುವ ಹಕ್ಕು ಅವನಿಗಿತ್ತು. ಅವನು ಚಪ್ಪಲಿ ಬಿಟ್ಟು ಹತ್ತಿರ ಹೋಗಿ, ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು ತಿರುವಿ ನೋಡಿದ. "ಗಂಟ ಚಲೋ ಬಿದ್ದೈತಿ" ಎಂದಷ್ಟೇ ಹೇಳಿದ. ದುಂಡವ್ವನ ಮೊಮ್ಮಗನ ಎಳೆಯನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಬಂತು, ಏಕೆಂದರೆ ಲೈನಿನ ತುದಿ ಈಗ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಆ ಗಂಟಿಗೇ ಹಿಂದಿನಿಂದ ಸೇರಿಸಿ ಕಟ್ಟಿದರು. ನನ್ನ ಮಗಳ ಹಿಂದೆ ನಿಂತ ಮೊದಲ ಮನುಷ್ಯ ಆ ಕೂಸು. ಅದನ್ನು ನೋಡಲು ಅವಳಿರಲಿಲ್ಲ.

ನನಗೆ ಆ ಹೊತ್ತಿಗೆ ಆ ಭಾರ ನೆನಪಾಯಿತು. ಬಿಸಿಲೇರುವ ಹೊತ್ತಿನ, ಒಂದು ಸೀರೆಯ ಭಾರ. ಎಲ್ಲಿಯೋ ಒಂದು ಹಿತ್ತಿಲಿನಲ್ಲಿ ಮಗಳು ಸೀರೆ ಒಗೆದು ಹಾಕುತ್ತಿದ್ದಳು. ಹಾಕಿದ ಕೂಡಲೇ ಅವ್ವನ ಕಲ್ಲು ಜಗ್ಗುತ್ತದೆ, ಅವ್ವ ಹೊರಗೆ ಬಂದು ಬೈಯುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಬೈಗುಳ ಕೇಳಿಸಿಕೊಳ್ಳಲೆಂದೇ ಹಾಕುತ್ತಿದ್ದಳು. ಕೇಳಿ ನಗುತ್ತಿದ್ದಳೋ ಏನೋ. ನಾನು ಅವಳಿಗೆ ಲೈನ್ ಬಿಡು ಎಂದೆ. ಹಡೆದವಳು ಬಿಟ್ಟು ಹೋಗುವಾಗಲೂ ಬಿಡಬೇಡ ಎಂದು ಹೇಳಿ ಹೋಗಿದ್ದಳು, ಸಾಕಿದವಳು ಬಿಡು ಎಂದು ಕೂಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಊರಿನ ಲೈನಿನಲ್ಲಿ ಏನೆಲ್ಲ ವಾಪಸ್ಸು ಬರುತ್ತದೆ, ಆ ಒಂದು ಮಾತು ಮಾತ್ರ ಬರಲಿಲ್ಲ.

ನಾನೂ ಮಾಸ್ತರರೂ ಬುತ್ತಿ ಕಟ್ಟಿಕೊಂಡು ಆ ಬಿಳಿ ಎಳೆಯ ಜಾಡು ಹಿಡಿದು ಹೋದೆವು. ಏರು ಇಳಿದರೆ ದೊಡ್ಡ ಹೊಳೆ. ಎಳೆ ದಂಡೆಯ ಆಪುಹುಲ್ಲಿನೊಳಗೆ ಇಳಿದು, ನೀರಿನ ಮೇಲೆ ಹಾಯ್ದು, ಆಚೆ ದಡದ ಹುಣಸೆಮರ ಹತ್ತಿತ್ತು. ಹೇಗೆ ದಾಟಿದಳೋ. ನಮ್ಮ ಊರಿನವರಿಗೆ ಎಂದೂ ಆಚೆ ಹೋಗುವ ಕೆಲಸವಿರಲಿಲ್ಲವಾದ್ದರಿಂದ ಅಲ್ಲಿ ದೋಣಿ ಇಲ್ಲ, ಹರಿಗೋಲಿಲ್ಲ. ನಾನು ಲೋಟ ಹಚ್ಚಿ ತುಳಜಾ ಎಂದೆ. ಮೆಲ್ಲಗೆ ಹೇಳಬೇಕೆಂದುಕೊಂಡೆ, ಆದರೆ ಲೈನಿನಲ್ಲಿ ಮೆಲ್ಲಗೆ ಮಾತಾಡಿ ನನಗೆ ರೂಢಿಯೇ ಇರಲಿಲ್ಲ. ದನಿ ಬೈದ ಹಾಗೆಯೇ ಹೊರಟಿತು. ಕಿವಿ ಹಚ್ಚಿದೆ. ಗುಂಯ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ.

"ಎಳಿ ಹರದಿಲ್ಲ ಕಾಶವ್ವಾ. ಬಿಗಿ ಐತಿ ನೋಡು. ಆ ತುದಿಗೆ ಯಾರೋ ಕಟ್ಟ್ಯಾರ, ಕಟ್ಟಿದ್ದು ಬಿಚ್ಚಿಲ್ಲ" ಎಂದರು ಮಾಸ್ತರರು. ಮುಟ್ಟಿ ನೋಡಿದೆ. ಬಿಗಿಯಾಗಿಯೇ ಇತ್ತು.

ಈಗ ನಾನು ಬಿಸಿಲೇರುವ ಹೊತ್ತಿಗೆ ಗಿರಣಿ ನಿಲ್ಲಿಸುತ್ತೇನೆ. ದುಂಡವ್ವನ ಕೌದಿಯನ್ನು ಕೇಳಿ ತಂದು, ಬಾನಿಯಲ್ಲಿ ಅದ್ದಿ, ಹಿಂಡದೆ, ಹಾಗೆಯೇ ನೀರು ಸುರಿಯುವಂತೆ ನನ್ನ ಹಿತ್ತಿಲಿನ ಲೈನಿನ ಮೇಲೆ ಹಾಕುತ್ತೇನೆ. ಊರಿನ ಬಲ್ಬುಗಳೆಲ್ಲ ಮಂಕಾಗುತ್ತವೆ, ಲೋಟದ ಮಾತುಗಳು ನಿಲ್ಲುತ್ತವೆ. ಮೊದಮೊದಲು ಜನ ಗೊಣಗಿದರು. ಒಂದು ದಿನ ದುಂಡವ್ವ ತನ್ನ ಇನ್ನೊಂದು ಕೌದಿಯನ್ನೂ ತೋಯಿಸಿ ತಂದು ಪಕ್ಕದಲ್ಲಿ ಹಾಕಿದಳು. ಆಮೇಲೆ ಪರಪ್ಪ ತನ್ನ ಮನೆಯ ಜಮಖಾನೆ ಹೊತ್ತು ತಂದ. ನೀರು ಸೋರುವ ಅದನ್ನು ಹಾಕಲು ಇಬ್ಬರು ಬೇಕಾಯಿತು. ಪುಸ್ತಕ ನೋಡದೆ ಅವನು ಮಾಡಿದ ಕೆಲಸ ಅದು. ಸ್ವಲ್ಪ ಮೊದಲು ಮಾಡಿದ್ದರೆ ಎಂದು ನಾನು ಅವನಿಗೆ ಹೇಳಲಿಲ್ಲ, ಅವನ ಮುಖ ನೋಡಿದರೆ ಅವನೂ ಅದನ್ನೇ ಅಂದುಕೊಳ್ಳುತ್ತಿದ್ದ ಹಾಗಿತ್ತು.

ಲೈನು ನೆಲ ಮುಟ್ಟುವಷ್ಟು ಜಗ್ಗುತ್ತದೆ. ಹೊಳೆಯಾಚೆ ಎಲ್ಲೋ ಒಂದು ಹಿತ್ತಿಲಿನಲ್ಲಿ ಅದು ಅಷ್ಟೇ ಬಿಗಿಯಬೇಕು. ಅಲ್ಲಿ ಒಂದು ದೀಪವಿದ್ದರೆ ಮಂಕಾಗಬೇಕು, ಒಂದು ಕಲ್ಲಿದ್ದರೆ ನಿಲ್ಲಬೇಕು. ಕಲ್ಲು ನಿಂತರೆ ಅವಳು ಹೊರಗೆ ಬಂದು ಕೂಗಬೇಕು: ಯಾವಾಕಿ ಅಕಿ ಹಸಿ ಕೌದಿ ಹಾಕಿದಾಕಿ, ತಗದ್ರ ಪಾಡಾತು, ಇಲ್ಲಂದ್ರ ನಾನ ಬರ್ತೀನಿ. ಅದು ಅವಳಿಗೆ ಬಾಯಿಪಾಠವಿದೆ. ನಾನು ಕೌದಿ ತೆಗೆಯುವುದಿಲ್ಲ. ಲೋಟ ಕಿವಿಗೆ ಹಚ್ಚಿಕೊಂಡು ಹಿತ್ತಿಲಿನಲ್ಲಿ ಕೂತಿದ್ದೇನೆ.